ಸೊಂಟದಿಂದ ಮೇಲಿನ ರೋಗ

ನಾಗಲಿಂಗನನ್ನು ಹಾಳು ಮಾಡಿದ ಸುಳ್ಳನ್ನು ಅವನು ಬಾಯಿಂದ ಹೇಳಲೇ ಇಲ್ಲ, ಕೈಯಿಂದ ಹೇಳಿದ.

ಗುಳೇದಗುಡ್ಡದ ಬಸ್ ನಿಲ್ದಾಣದಲ್ಲಿ ಬೆಳಗಿನ ಬಾಗಲಕೋಟೆ ಬಸ್ಸಿಗೆ ಕಾಯುತ್ತ, ಯಾರ ಕಣ್ಣಿಗೂ ಬೀಳಬಾರದೆಂದು ಅವನು ಕಬ್ಬಿನ ಹಾಲಿನ ಗಾಡಿಯ ಹಿಂದೆ ನಿಂತಿದ್ದ. ಹೆಂಡತಿ ಸುನಂದಾಳಿಗೆ ಮಗ್ಗಕ್ಕೆ ನೂಲು ತರುತ್ತೇನೆಂದು ಹೇಳಿ ಹೊರಟವನು. ದಾರಿಯಲ್ಲಿ ಯಾರಾದರೂ ಕೇಳಿದರೆ ಅದೇ ಉತ್ತರ ಎಂದು ಮನೆಯಿಂದ ನಿಲ್ದಾಣದವರೆಗೆ ‘ನೂಲು, ನೂಲು’ ಎಂದು ಜಪಿಸುತ್ತ ಬಂದಿದ್ದ. ಆದರೆ ಗಾಡಿಯ ಬದಿಯಿಂದ ಇಣುಕಿದ್ದು ಸಂಗಯ್ಯನ ಮುಖ.

ಸಂಗಯ್ಯ ಪಕ್ಕದ ಮನೆಯವನು. ಇದೇ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿದ್ದು ನಿವೃತ್ತನಾಗಿದ್ದ. ಆದರೂ ದಿನಾ ಬೆಳಗ್ಗೆ ಬಂದು ನಾಲ್ಕು ಬಸ್ಸುಗಳನ್ನು ಬೈದು ಕಳಿಸದಿದ್ದರೆ ಅವನಿಗೆ ಚಹಾ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಕಿಸೆಯಲ್ಲಿ ಇನ್ನೂ ಸೀಟಿ ಇಟ್ಟುಕೊಂಡು ತಿರುಗುತ್ತಿದ್ದ.

“ಏನೋ ನಾಗಲಿಂಗಾ, ಕಳ್ಳರಂಗ ನಿಂತೀಯಲ್ಲ? ಎಲ್ಲಿಗೆ ಹೊಂಟಿ?”

ನೂಲು ಎನ್ನಬೇಕಾಗಿದ್ದ ಬಾಯಿ, ಮನಸ್ಸಿನಲ್ಲಿದ್ದುದನ್ನೇ ಕಕ್ಕಿಬಿಟ್ಟಿತು. “ದವಾಖಾನಿಗೆ ಕಾಕಾ.”

“ದವಾಖಾನಿಗೆ? ಏನಾಗೇತಿ?”

ನಾಗಲಿಂಗನಿಗೆ ಬೆವರು ಇಳಿಯಿತು. ಸೊಂಟದಿಂದ ಮೇಲಿನದು ಯಾವುದಾದರೂ ಸರಿ ಎಂದು ಅವನ ಕೈ ತನ್ನಷ್ಟಕ್ಕೆ ತಾನೇ ಮೇಲೇರಿತು. ಹೊಟ್ಟೆಯ ಮೇಲೆ ನಿಂತಿದ್ದರೂ ಬದುಕುತ್ತಿದ್ದ. ಭಯದಲ್ಲಿ ಅದು ಇನ್ನಷ್ಟು ಮೇಲೇರಿ ಎದೆಯ ಎಡಭಾಗದಲ್ಲಿ ಕೂತುಬಿಟ್ಟಿತು.

ಸಂಗಯ್ಯ ಆ ಕೈ ನೋಡಿದ. ಹಣೆಯ ಬೆವರು ನೋಡಿದ. ಕಿಸೆಯಿಂದ ಸೀಟಿ ತೆಗೆದು ಇಡೀ ನಿಲ್ದಾಣ ಬೆಚ್ಚಿಬೀಳುವಂತೆ ಊದಿದ.

ನಾಗಲಿಂಗ ಹೊರಟಿದ್ದ ಕಾರಣ ಬೇರೆ. ಕೆಲವು ತಿಂಗಳಿಂದ ಅವನು ಹೆಂಡತಿಯ ಹತ್ತಿರ ಹೋದರೆ ಅವನ ಮೈ ಅವನ ಮಾತು ಕೇಳುತ್ತಿರಲಿಲ್ಲ. ಮೊದಲ ಸಲ ದಣಿವು ಅಂದುಕೊಂಡ. ಎರಡನೆಯ ಸಲ ಸೆಕೆ ಅಂದುಕೊಂಡ. ಆಮೇಲೆ ಅಂದುಕೊಳ್ಳಲು ಏನೂ ಉಳಿಯಲಿಲ್ಲ, ಭಯವೊಂದೇ ಉಳಿಯಿತು. ಮನೆಯಲ್ಲೇ ಕುಪ್ಪಸದ ಖಣ ನೇಯುವ ಕೆಲಸ ಅವರದು. ಅವನು ಮಗ್ಗದಲ್ಲಿ ಕೂತರೆ ಸುನಂದಾ ಪಕ್ಕದಲ್ಲಿ ನೂಲು ಸುತ್ತುತ್ತಿದ್ದಳು. ಸಂಜೆಯಾಗುತ್ತಲೇ ಮಗ್ಗ ಬಿಟ್ಟೇಳುತ್ತಿದ್ದವನು, ಈಗ ಊಟವಾದ ಮೇಲೂ ಮತ್ತೆ ಹೋಗಿ ಕೂತು, ಅವಳಿಗೆ ನಿದ್ದೆ ಹತ್ತುವವರೆಗೆ ಲಾಳಿ ಓಡಿಸತೊಡಗಿದ್ದ. ಆ ವರ್ಷ ಗುಳೇದಗುಡ್ಡದಲ್ಲಿ ಅವನಷ್ಟು ಖಣ ನೇಯ್ದವರು ಯಾರೂ ಇರಲಿಕ್ಕಿಲ್ಲ.

ಗೆಳೆಯ ಯಮನೂರನನ್ನು ಕೇಳಿ ನೋಡಿದ್ದ, ತನ್ನದಂತಲ್ಲ. “ನನ್ನ ಗುರ್ತಿನಾಂವ ಒಬ್ಬ ಅದಾನ, ಅಂವಗ ಹಿಂಗಾಗೇತಂತ” ಎಂದು ಶುರುಮಾಡಿದ್ದ. ಚಹಾದಂಗಡಿಯ ಬೆಂಚಿನ ಮೇಲೆ ಯಮನೂರ ಕಾಲ ಮೇಲೆ ಕಾಲು ಹಾಕಿ ಕೂತು ತೀರ್ಪು ಕೊಟ್ಟಿದ್ದ.

“ಅದು ಸಣ್ಣಾಂವಿದ್ದಾಗ ಮಾಡಿದ ತಪ್ಪಿಗೆ ಈಗ ಬಂದಿದ್ದು. ಇದ್ದದ್ದೆಲ್ಲಾ ಆಗಽ ಖರ್ಚ ಮಾಡಿಬಿಟ್ಟಿರ್ತಾನ. ದಿನಾ ನುಗ್ಗಿಕಾಯಿ ತಿನ್ನಾಕ ಹೇಳು. ಅದಕೂ ಆಗಲಿಲ್ಲಂದ್ರ ತಿಳಕೊ, ಅಂವಗ ಹೆಂಡ್ತಿ ಮ್ಯಾಲೆ ಮನಸಿಲ್ಲ. ಮನಸ ಇದ್ದ ಗಂಡಸಿಗೆ ಹಂಗ ಆಗೂದಽ ಇಲ್ಲ.”

ನುಗ್ಗಿಕಾಯಿಯನ್ನು ನಾಗಲಿಂಗ ನುಂಗಿಕೊಂಡ. ಕೊನೆಯ ಮಾತು ಮಾತ್ರ ಗಂಟಲಲ್ಲಿ ಸಿಕ್ಕಿಕೊಂಡಿತು. ಅವನ ಮನಸ್ಸೆಲ್ಲ ಇದ್ದದ್ದು ಸುನಂದಾಳ ಮೇಲೆಯೇ. ಅವಳು ನೂಲು ಸುತ್ತುತ್ತ ಗುನುಗುವಾಗ ಅವನ ಲಾಳಿ ಈಗಲೂ ತಪ್ಪುತ್ತಿತ್ತು.

ಆಮೇಲೆ ಫೋನಿನಲ್ಲಿ ಕದ್ದು ಮದ್ದಿನ ವಿಡಿಯೊ ನೋಡಿದ. ಕುಳಗೇರಿ ಕ್ರಾಸಿನಲ್ಲಿ ರಸ್ತೆ ಬದಿ ಡೇರೆ ಹೊಡೆದಿದ್ದ ವೈದ್ಯನೊಬ್ಬನ ಹತ್ತಿರ ಹೋಗಿ ಬಂದ. ಆತ ನಾಡಿ ಹಿಡಿದು ಕಣ್ಣು ಮುಚ್ಚಿ, “ನಿನ್ನ ನರಾ ಎಲ್ಲಾ ಸತ್ತ ಹೋಗ್ಯಾವು” ಎಂದು ಹೇಳಿ, ಹುಳಿ ಬೇಡ, ತಣ್ಣೀರು ಬೇಡ, ಕಲ್ಲಿನ ಮೇಲೆ ಕೂಡಬೇಡ ಎಂದು ತಾಕೀತು ಮಾಡಿ ಕರಿ ಪುಡಿಯೊಂದನ್ನು ಕೊಟ್ಟ. ಪುಡಿ ಕೆಲಸ ಮಾಡಲಿಲ್ಲ ಎನ್ನುವ ಹಾಗಿಲ್ಲ. ಮಾಡಿತು, ಹೊಟ್ಟೆಯಲ್ಲಿ. ಅದನ್ನು ತಿಂದ ದಿನ ನಾಗಲಿಂಗನಿಗೆ ಕಲ್ಲಿನ ಮೇಲೆ ಕೂಡುವುದಿರಲಿ, ಎಲ್ಲಿಯೂ ಕೂಡಲು ಪುರಸೊತ್ತಾಗಲಿಲ್ಲ.

ಕೊನೆಗೆ ಬಾಗಲಕೋಟೆಯಲ್ಲಿ ವಯಸ್ಸಾದ, ಗಂಡಸು ಡಾಕ್ಟರೊಬ್ಬನ ಬೋರ್ಡು ನೋಡಿಟ್ಟುಕೊಂಡು, ಇವತ್ತು ಧೈರ್ಯ ಮಾಡಿ ಹೊರಟಿದ್ದ. ಆ ಧೈರ್ಯವೀಗ ಸಂಗಯ್ಯನ ಸೀಟಿಗೆ ಸಿಕ್ಕಿತ್ತು.

“ಎದಿ ನೋವಿನ ಪೇಶಂಟ ಐತಿ, ಮುಂದಿನ ಸೀಟ ಬಿಡ್ರಿ!” ಎಂದು ಸಂಗಯ್ಯ ಬಸ್ಸು ಹತ್ತಿ ಕೂಗಿದ. ಡ್ರೈವರ್ ನಜೀರಸಾಬ ಒಂದು ಕಾಲದಲ್ಲಿ ಅವನ ಕೈಕೆಳಗೆ ದುಡಿದವನು, ಹಾಗಾಗಿ ಎದುರು ಮಾತಾಡುವ ಪ್ರಶ್ನೆಯೇ ಇರಲಿಲ್ಲ.

“ಕಾಕಾ, ನೀವ್ಯಾಕ ಬರ್ತೀರಿ? ನಾ ಒಬ್ಬನಽ ಹೋಗಿ ಬರ್ತೇನಿ” ಎಂದ ನಾಗಲಿಂಗ.

“ಹುಚ್ಚೇನು ನಿನಗ? ಎದಿ ಹಿಡಕೊಂಡಾಂವನ ಒಬ್ಬನ್ನ ಕಳಿಸಿ ಮನಿಗೆ ಹೋದ್ರ ನಿಮ್ಮ ಚಿಗವ್ವ ನನಗ ಊಟಾ ಹಾಕ್ತಾಳೇನು? ಮಾತಾಡಬ್ಯಾಡ. ಮಾತಾಡಿದ್ರ ಎದಿಗೆ ತ್ರಾಸ ಆಗತೈತಿ.”

ಮಾತಾಡದೆ ಕೂತರೂ ತ್ರಾಸ ತಪ್ಪಲಿಲ್ಲ. ಹಿಂದಿನ ಸೀಟಿನ ಮುದುಕಿ ಇದು ಬರೀ ಗ್ಯಾಸು ಎಂದು ಅವನ ಬಾಯಿಗೆ ಒಂದು ಹಿಡಿ ಅಜವಾನ ಸುರಿದಳು. ಇನ್ನೊಬ್ಬ ಅವನ ಚಪ್ಪಲಿ ಬಿಚ್ಚಿ ಅಂಗಾಲು ತಿಕ್ಕತೊಡಗಿದ. ಅಜವಾನ ನೆತ್ತಿಗೇರಿ ನಾಗಲಿಂಗ ಕೆಮ್ಮಿ ಕೆಮ್ಮಿ ಕಣ್ಣು ಮೇಲೆ ಮಾಡಿದ. ಯಾರೋ “ಬಾಯಾಗ ನೀರ ಬಿಡ್ರಿ!” ಎಂದು ಕೂಗಿದ್ದೇ ತಡ, ಮುದುಕಿ ಅದಕ್ಕೆ ಬೇರೆ ಅರ್ಥ ಮಾಡಿಕೊಂಡು ಸೆರಗಿನಿಂದ ಮುಖ ಮುಚ್ಚಿ ಅಳಲು ಶುರುಮಾಡಿದಳು.

ಸಂಗಯ್ಯ ಮನೆಗೆ ಫೋನು ಹಚ್ಚಿದ. ಅವನ ಹೆಂಡತಿ ಗುರುಲಿಂಗವ್ವನಿಗೆ ಕಿವಿ ತುಸು ಮಂದ, ಬಸ್ಸಿನ ಸದ್ದು ಬೇರೆ. “ಎದಿ ನೋವು” ಎಂದದ್ದು ಆ ಕಡೆ “ಎದಿ ಹೋತು” ಎಂದು ಕೇಳಿರಬೇಕು. ಫೋನಿನಲ್ಲಿ ಎದ್ದ ಹುಯಿಲು ನಾಲ್ಕು ಸೀಟಿನ ಆಚೆಗೂ ಕೇಳಿಸಿತು.

“ಸುನಂದಾಗ ಹೇಳಬ್ಯಾಡ್ರಿ ಕಾಕಾ” ಎಂದು ನಾಗಲಿಂಗ ಕೈ ಮುಗಿದ.

“ನಾ ಹೇಳಿಲ್ಲ. ನಿಮ್ಮ ಚಿಗವ್ವ ಈಗ ಹೇಳಾಕ ಓಡಿದ್ಲು.”

ಬಾಗಲಕೋಟೆಯ ನವನಗರ ಬರುತ್ತಲೇ ನಜೀರಸಾಬ ನಿಲ್ದಾಣದ ಕಡೆ ತಿರುಗಿಸುವ ಬದಲು ಬಸ್ಸನ್ನು ನೆಟ್ಟಗೆ ದೊಡ್ಡ ದವಾಖಾನೆಯೊಂದರ ಗೇಟಿಗೆ ತಂದು ನಿಲ್ಲಿಸಿದ. ನಾಗಲಿಂಗ ನೋಡಿಟ್ಟುಕೊಂಡಿದ್ದ ಆ ವಯಸ್ಸಾದ ಡಾಕ್ಟರನ ಬೋರ್ಡು ಕಿಟಕಿಯಲ್ಲಿ ಕಂಡು, ಹಿಂದೆ ಸರಿದು, ಮಾಯವಾಯಿತು. ಬಸ್ಸಿನ ಮಂದಿಯೆಲ್ಲ ಇಳಿದು, ಮದುಮಗನನ್ನು ಕಳಿಸಿಕೊಡುವಂತೆ ಅವನನ್ನು ಗಾಲಿಯ ಮಂಚದ ಮೇಲೆ ಮಲಗಿಸಿ ಒಳಗೆ ಕಳಿಸಿಕೊಟ್ಟರು.

ಒಳಗಿದ್ದದ್ದು ಡಾಕ್ಟರ್ ಅನುರಾಧಾ. ಮದುವೆಯಾಗಿ ಹೋದ ಅವನ ಮಗಳಿಗಿಂತ ನಾಲ್ಕೈದು ವರ್ಷ ದೊಡ್ಡವರಿರಬಹುದು, ಅಷ್ಟೇ. ಅವರನ್ನು ನೋಡಿ ನಾಗಲಿಂಗನ ಎದೆ ನಿಜವಾಗಿಯೂ ಢವಢವ ಹೊಡೆದುಕೊಂಡಿತು.

“ನೋವು ಎಲ್ಲಿ ಸುರು ಆತ್ರಿ?”

“ಬಸ್‌ಸ್ಟ್ಯಾಂಡಿನ್ಯಾಗರಿ” ಎಂದ ಸಂಗಯ್ಯ.

“ಅವರನ್ನ ಕೇಳಾಕತ್ತೀನ್ರಿ. ಹ್ಯಾಂಗ ನೋಯ್ತೈತಿ? ಒತ್ತಿದಂಗೋ, ಚುಚ್ಚಿದಂಗೋ?”

“ಎರಡೂ ಹಂಗರಿ” ಎಂದ ಸಂಗಯ್ಯ.

ನಾಗಲಿಂಗನ ಅಂಗಿ ಬಿಚ್ಚಿಸಿದರು. ಎದೆಗೆ ತಣ್ಣನೆಯ ಲೇಪ ಹಚ್ಚಿ, ಮೈ ತುಂಬ ವೈರು ಜೋಡಿಸಿದರು. ಮಷಿನ್ನು ಗೆರೆ ಎಳೆದ ಕಾಗದ ಉಗುಳಿತು. ಡಾಕ್ಟರ್ ಅದನ್ನು ಬೆಳಕಿಗೆ ಹಿಡಿದು ನೋಡಿ, ನಾಗಲಿಂಗನ ಮುಖವನ್ನೂ ನೋಡಿದರು.

“ಎದಿ ಈಗ ಚೊಲೊ ಐತಲ್ಲರಿ.”

“ಇನ್ನೊಮ್ಮೆ ನೋಡ್ರಿ ಮೇಡಮ್” ಎಂದ ಸಂಗಯ್ಯ, “ಮಷಿನ್ ಖರಾಬ ಇರಬೇಕು.”

ಡಾಕ್ಟರ್ ಅನುರಾಧಾ ತುಸು ಯೋಚಿಸಿ, “ಹಿರಿಯಾರ, ಇವರಿಗೆ ಒಂದು ಎಳನೀರ ಬೇಕಾಗೇತಿ ನೋಡ್ರಿ. ಎಳಿಗಾಯಿ ಇರಬೇಕು. ನೀವಽ ಆರಿಸಿ ತರಬೇಕು” ಎಂದರು. ಜವಾಬ್ದಾರಿ ಸಿಕ್ಕಿದ್ದಕ್ಕೆ ಸಂಗಯ್ಯ ಎದೆಯುಬ್ಬಿಸಿ ಹೊರಟ.

ಬಾಗಿಲು ಮುಚ್ಚಿತು. “ಈಗ ಹೇಳ್ರಿ. ನೀವು ಎದಿ ನೋವಿಗೆ ಬಂದಾವರಲ್ಲ.”

ನಾಗಲಿಂಗ ಫ್ಯಾನು ನೋಡಿದ. ಗೋಡೆ ನೋಡಿದ. ಇನ್ನು ನೋಡಲು ಏನೂ ಉಳಿಯದಿದ್ದಾಗ ಹಳೆಯ ದಾರಿಯನ್ನೇ ಹಿಡಿದ. “ನನ್ನ ಗೆಳ್ಯಾ ಒಬ್ಬಾಂವ ಅದಾನ್ರಿ… ಅಂವಗ ಏನಾಗೇತಂದ್ರ…” ಎಂದು, ಕುಪ್ಪಸದ ಖಣವನ್ನು ಮಡಿಕೆ ಮಡಿಕೆಯಾಗಿ ಬಿಚ್ಚುವಂತೆ, ಅಂತೂ ಎಲ್ಲವನ್ನೂ ಹೇಳಿ ಮುಗಿಸಿದ.

ಡಾಕ್ಟರ್ ನಗಲಿಲ್ಲ. ಜ್ವರದ ಬಗ್ಗೆ ಕೇಳುವಂತೆಯೇ ಕೇಳಿದರು. “ನಿಮ್ಮ ಗೆಳ್ಯಾಗ ವಯಸ್ಸೆಷ್ಟು?”

“ನನ್ನ ವಾರಿಗಿಯಾಂವರಿ.”

“ತಂಬಾಕ ತಿಂತಾನೇನು?”

“ಎಲಿ ಅಡಿಕಿ ಜೋಡಿ ಸ್ವಲ್ಪರಿ. ದಿನಾ ಏಳೆಂಟ ಸಲ.”

“ಭಾಳ ನೀರಡಿಕಿ, ಮತ್ತ ಮತ್ತ ಒಂದಕ್ಕ ಹೋಗೂದು?”

“ಅದೂ ಐತ್ರಿ ಅಂವಗ.”

“ಸಕ್ಕರಿ ಎಂದಾದ್ರೂ ತೋರಿಸ್ಯಾನೇನು?”

“ಇಲ್ಲರಿ.”

“ಹಂಗಾರ ಅವನ ಬೆರಳ ಕೊಡ್ರಿ, ನೋಡೂಣು.”

ನಾಗಲಿಂಗ ತನ್ನ ಬೆರಳನ್ನೇ ಮುಂದೆ ಚಾಚಿದ. ಸೂಜಿ ಚುಚ್ಚಿದಾಗ ಗೆಳೆಯನ ಪರವಾಗಿ “ಹಾ” ಎಂದ.

ಸಕ್ಕರೆ ಸಾಕಷ್ಟು ಏರಿತ್ತು. ಡಾಕ್ಟರ್ ಇನ್ನೊಮ್ಮೆ ಉಪವಾಸದಲ್ಲಿ ರಕ್ತ ಕೊಡಬೇಕೆಂದು ಹೇಳಿ, ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು ಕೂತರು. “ಸಕ್ಕರಿ ಏರಿದ್ರ, ತಂಬಾಕ ತಿಂದ್ರ, ರಕ್ತ ಹರಿಯೂ ನರಾ ಕೆಡತಾವು. ಸಣ್ಣ ನರದಾಗ ಅದು ಮೊದಲ ಕಾಣತೈತಿ. ಅಷ್ಟ ನೋಡ್ರಿ ನಿಮ್ಮ ಗೆಳ್ಯಾನ ರೋಗ. ಹಿಂಗಽ ಬಿಟ್ರ ಮುಂದ ಎದಿಗೂ ಬರತೈತಿ. ಇದು ಮೊದಲಽ ಬಂದು ಹೇಳೇತಿ, ಚೊಲೊ ಆತು.”

ಸಕ್ಕರೆ ಕಾಯಿಲೆ ಎಂದು ಕೇಳಿ ಮುಖ ಅರಳಿಸಿದ ರೋಗಿಯನ್ನು ಆ ದವಾಖಾನೆ ಅಲ್ಲಿಯವರೆಗೆ ಕಂಡಿರಲಿಕ್ಕಿಲ್ಲ. “ಅಂದ್ರ, ಸಣ್ಣಾಂವಿದ್ದಾಗ ಮಾಡಿದ ತಪ್ಪಿಗೆ ಬಂದದ್ದಲ್ಲೇನ್ರಿ?”

“ಆ ತಪ್ಪ ಊರ ಮಂದೆಲ್ಲಾ ಮಾಡಿರ್ತಾರ. ಅದು ತಪ್ಪೂ ಅಲ್ಲ, ಅದಕೂ ಇದಕೂ ಸಂಬಂಧಾನೂ ಇಲ್ಲ.”

“ಗಂಡಸತನಾ ಮುಗೀತು ಅಂತಾರಲ್ರಿ?”

“ಗಂಡಸಂದ್ರ ಬಟನ್ ಒತ್ತಿದ ಕೂಡ್ಲೆ ಹತ್ತೂ ಬಲ್ಬೇನ್ರಿ? ನಡಕ ಕರೆಂಟ ಹೋಗತೈತಿ, ಬರತೈತಿ. ಅಂಜಿ ಅಂಜಿ ದೂರ ಕುಂತ್ರ ಇನ್ನಷ್ಟು ಹೋಗತೈತಿ. ತಂಬಾಕ ಬಿಡ್ರಿ, ದಿನಾ ನಡೀರಿ, ಸಕ್ಕರಿ ಗುಳಿಗಿ ತಗೋರಿ. ಅದರ ಮ್ಯಾಲೂ ಬೇಕಾದ್ರ ಬ್ಯಾರೆ ಗುಳಿಗಿ ಅದಾವು, ಎದಿ ಎಲ್ಲಾ ಪೂರಾ ನೋಡಿ ನಾನಽ ಕೊಡ್ತೇನಿ. ನಿಮ್ಮಷ್ಟಕ್ಕ ನೀವು ಕೊಂಡು ತಿನ್ನಬ್ಯಾಡ್ರಿ. ರಸ್ತೆದ ಮ್ಯಾಲಿನ ಪುಡಿ ಅಂತೂ ಮುಟ್ಟಬ್ಯಾಡ್ರಿ.”

ನಾಗಲಿಂಗ ಬೆರಳಿನ ಹತ್ತಿಯನ್ನು ಒತ್ತಿ ಹಿಡಿದ. ಕೇಳಬೇಕಾದದ್ದು ಇನ್ನೊಂದು ಇತ್ತು. “ಹೆಂಡ್ತಿ ಮ್ಯಾಲೆ ಮನಸಿಲ್ಲಂದ್ರ ಹಿಂಗಾಗತೈತಿ ಅಂತ ಒಬ್ಬಾಂವ ಹೇಳಿದ್ನರಿ.”

“ನಿಮ್ಮ ಗೆಳ್ಯಾಗ ಮನಸ ಐತೋ ಇಲ್ಲೋ?”

“ಭಾಳ ಐತ್ರಿ” ಎನ್ನುವಾಗ ಅವನ ದನಿ ಒಡೆಯಿತು.

“ಅದನ್ನ ನನಗ್ಯಾಕ ಹೇಳಾಕತ್ತೀರಿ? ಆಕಿಗೆ ಹೇಳ್ರಿ.”

ಆಕೆ ಬರುವುದಕ್ಕೆ ತಡವಾಗಲಿಲ್ಲ. ಯಮನೂರನ ಬೈಕಿನ ಹಿಂದೆ ಕೂತು, ಕಾಲಿಗೆ ಚಪ್ಪಲಿಯೂ ಇಲ್ಲದೆ, ಸೆರಗಿನಲ್ಲಿ ಕೆಂಪು ನೂಲಿನ ಎಳೆ ಸಿಕ್ಕಿಸಿಕೊಂಡೇ ಸುನಂದಾ ಬಂದಿದ್ದಳು. ಬಾಗಿಲು ತೆರೆದಾಗ ನಾಗಲಿಂಗ ಮಂಚದ ಮೇಲೆ ಕೂತು, ಸಂಗಯ್ಯ ಹತ್ತು ಅಂಗಡಿ ತಿರುಗಿ ಆರಿಸಿ ತಂದ ಎಳನೀರನ್ನು ನಳಿಕೆಯಿಂದ ಹೀರುತ್ತಿದ್ದ. ಡಾಕ್ಟರ್ ಸಂಗಯ್ಯನನ್ನು ಕರೆದುಕೊಂಡು ಹೊರಗೆ ಹೋದರು.

“ನಾ ಸತ್ತಿಲ್ಲ ಸುನಂದಾ.”

“ಕಾಣಸ್ತೈತ್ರಿ. ಸತ್ತಾವ್ರು ಎಳನೀರ ಕುಡಿಯೂದಿಲ್ಲ” ಎಂದು ಹೇಳಿ, ಅಲ್ಲಿಯವರೆಗೆ ಹಿಡಿದಿಟ್ಟುಕೊಂಡಿದ್ದ ಅಳುವನ್ನೆಲ್ಲ ಅವಳು ಒಮ್ಮೆಗೇ ಬಿಟ್ಟಳು. ಅತ್ತು ಮುಗಿಯುವವರೆಗೆ ನಾಗಲಿಂಗ ಅವಳ ಸೆರಗಿನ ಕೆಂಪು ಎಳೆಯನ್ನು ಬಿಡಿಸುತ್ತ ಕೂತ.

“ಎದಿ ಅಲ್ಲ ಇದು” ಎಂದ ಕೊನೆಗೆ. ಕೋಣೆಯಲ್ಲಿ ಯಾರೂ ಇಲ್ಲದಿದ್ದರೂ ಅವಳ ಕಿವಿಯ ಹತ್ತಿರ ಬಾಗಿ ಹೇಳಿದ. ಹೇಳಿ ಮುಗಿಸಿ, ಪರೀಕ್ಷೆಯ ಫಲಿತಾಂಶಕ್ಕೆ ಕಾಯುವ ಹುಡುಗನ ಹಾಗೆ ತಲೆ ತಗ್ಗಿಸಿದ.

ಸುನಂದಾ ಕಣ್ಣೊರೆಸಿಕೊಂಡಳು. “ಇಷ್ಟಽನ?”

“ಇಷ್ಟಽ ಅಂದ್ರ?”

“ನಾ ಏನ ತಿಳಕೊಂಡಿದ್ನಿ ಗೊತ್ತೈತೇನ್ರಿ? ಕಿವ್ಯಾಗ ವೈರ ಹಾಕ್ಕೊಂಡು ಫೋನ ನೋಡ್ತಿದ್ರಿ, ನಾ ಬಂದ್ರ ಮುಚ್ಚಿಡ್ತಿದ್ರಿ. ದಿನಾ ಒಂದ ಕಟ್ಟು ನುಗ್ಗಿಕಾಯಿ ತರ್ತಿದ್ರಿ. ಏನೂ ಕೆಲಸ ಇಲ್ಲದ ಕುಳಗೇರಿ ಕ್ರಾಸಿಗೆ ಹೋಗಿ ಬಂದ್ರಿ. ಅಲ್ಲಿ ಯಾವಾಕಿನರ ಇಟ್ಟೀರಿ, ಆಕಿಗೆ ನುಗ್ಗಿಕಾಯಿ ಅಂದ್ರ ಪ್ರೀತಿ ಅಂತ ತಿಳಕೊಂಡಿದ್ನಿ!”

ನಾಗಲಿಂಗನಿಗೆ ನಗು ಉಕ್ಕಿತು.

“ನಗಬ್ಯಾಡ್ರಿ. ಕನ್ನಡಿ ಮುಂದ ನಿಂತು ನಿಂತು ಸಾಕಾಗಿತ್ತು ನನಗ. ಕೂದಲ ಬೆಳ್ಳಗಾಗ್ಯಾವು, ಅದಕಽ ನನ್ನ ಕಡೆ ತಿರುಗಿ ನೋಡವಲ್ರು ಅಂತ ಬಣ್ಣಾ ಹಚ್ಚಿದ್ನಿ. ಅದನ್ನೂ ನೀವು ನೋಡಲಿಲ್ಲ.”

“ನೋಡಿದ್ನಿ” ಎಂದ ನಾಗಲಿಂಗ. “ದೀಪದ ಬೆಳಕಿನ್ಯಾಗ ನಿಂತಿದ್ದಿ. ಭಾಳ ಚೆಂದ ಕಾಣಸ್ತಿದ್ದಿ. ಅದಕಽ ನಾ ಮಗ್ಗ ಬಿಟ್ಟು ಏಳಲಿಲ್ಲ. ಅಂಜಿಕಿ ಬಂತು.”

ಸುನಂದಾ ಅವನ ಅಂಗಿಯ ಗುಂಡಿಗಳನ್ನು ಒಂದೊಂದಾಗಿ ಹಾಕಿದಳು. ಕೊನೆಯ ಗುಂಡಿ ಹಾಕಿ, ಅಂಗೈಯನ್ನು ಅಲ್ಲೇ ತುಸು ಹೊತ್ತು ಇಟ್ಟಳು. “ಅಂಜಿಕಿ ಬಂದ್ರ ಹೇಳಬೇಕು. ಬರೇ ಹಂಗಽ ಬಂದು ಸನೇಕ ಮಲಗಬೇಕು. ಮಗ್ಗಕ್ಕ ಹೋಗಿ ಕುಂದ್ರತಾರೇನು ಯಾರರ? ಇವತ್ತ ಲಾಳಿ ಮುಟ್ಟಿದ್ರ ನೋಡ್ರಿ ಮತ್ತ.”

ಬಸ್ಸಿನಲ್ಲಿ ವಾಪಸು ಬರುವಾಗ ಇಬ್ಬರೂ ಒಂದೇ ಸೀಟಿನಲ್ಲಿ ಕೂತರು. ಸೆರಗಿನ ಮರೆಯಲ್ಲಿ ಅವಳ ಕೈ ಅವನ ಕೈಯಲ್ಲಿತ್ತು. ಹೊಸದಾಗಿ ಮದುವೆಯಾದಾಗ ಬಾದಾಮಿಗೆ ಹೋಗಿ ಬರುವಾಗ ಹೀಗೆ ಕೂತಿದ್ದರು. ಕಿಟಕಿಯಿಂದ ಆಷಾಢದ ಗಾಳಿ ಬೀಸುತ್ತಿತ್ತು. ಸಂಜೆ ಮನೆಯಲ್ಲಿ ಬಾಗಿಲು ಹಾಕಿಕೊಂಡು, ಯಾವ ಪರೀಕ್ಷೆಯೂ ಇಲ್ಲದೆ, ಸುಮ್ಮನೆ ಅವಳ ಪಕ್ಕ ಮಲಗಿ ಮಾತಾಡುವುದನ್ನು ನೆನೆದೇ ನಾಗಲಿಂಗನ ಮೈ ಹಗುರಾಯಿತು.

ಮುಂದಿನ ಸೀಟಿನಲ್ಲಿ ಸಂಗಯ್ಯ ಫೋನಿನಲ್ಲಿ ಊರಿಗೆಲ್ಲ ವರದಿ ಕೊಡುತ್ತಿದ್ದ. ಡಾಕ್ಟರ್ ಅವನಿಗೆ ಹೇಳಿದ್ದು “ರಕ್ತದ ನರಕ್ಕ ಸ್ವಲ್ಪ ತ್ರಾಸ ಐತಿ, ಕಾಳಜಿ ಮಾಡ್ರಿ” ಎಂದಷ್ಟೇ. ಯಾವ ನರ ಎಂದು ಅವರೂ ಹೇಳಿರಲಿಲ್ಲ, ಇವನೂ ಕೇಳಿರಲಿಲ್ಲ. “ಎದಿ ನರಾ ಕಟ್ಟೈತಿ. ಇನ್ನೊಂದ ತಾಸ ತಡಾ ಆಗಿದ್ರ ಮುಗೀತಿತ್ತು. ನಾ ಇದ್ನಿ, ಉಳದಾ!”

ಮನೆಯ ಬಾಗಿಲಲ್ಲಿ ಅರ್ಧ ಓಣಿ ನೆರೆದಿತ್ತು. ಒಳಗೆ ಗುರುಲಿಂಗವ್ವ ಆಗಲೇ ಅಧಿಕಾರ ವಹಿಸಿಕೊಂಡಿದ್ದಳು. ಪಡಸಾಲೆಯಲ್ಲಿ ಹಾಸಿಗೆ ಹಾಸಿತ್ತು. ಒಲೆಯ ಮೇಲೆ ಉಪ್ಪಿಲ್ಲದ ಗಂಜಿ ಕುದಿಯುತ್ತಿತ್ತು. ಮಗ್ಗದ ಕೋಣೆಗೆ ಬೀಗ ಬಿದ್ದಿತ್ತು. ನಾಗಲಿಂಗನನ್ನು ಮಲಗಿಸಿ, ಕೌದಿಯನ್ನು ಗದ್ದದವರೆಗೆ ಎಳೆದು, ಗುರುಲಿಂಗವ್ವ ಎಲ್ಲರ ಮುಂದೆಯೇ ಕಾನೂನು ಸಾರಿದಳು.

“ಎದಿ ರೋಗದಾಂವನ ಸನೇಕ ಹೆಂಡ್ತಿ ಮಲಗಬಾರ್ದು. ರಕ್ತ ಕುದಿತೈತಿ. ಶ್ರಾವಣ ಮುಗಿಯೂಮಟಾ ಸುನಂದಾ ನಮ್ಮ ಮನ್ಯಾಗ ನನ್ನ ಮಗ್ಗಲದಾಗ ಮಲಗತಾಳು. ನಮ್ಮನಿಯವ್ರು ಇಲ್ಲಿ ಇವನ ಮಗ್ಗಲದಾಗ ಮಲಗತಾರು.”

“ಚಿಗವ್ವಾ, ಡಾಕ್ಟರು ಹಂಗೇನೂ ಹೇಳಿಲ್ಲ” ಎಂದು ಸುನಂದಾ ಶುರುಮಾಡಿದಳು.

“ಅದು ಇನ್ನೂ ಲಗ್ನ ಆಗದ ಹುಡುಗಿ ಅಂತ, ಹ್ಯಾಂಗ ಹೇಳತೈತಿ ಪಾಪ?” ಎಂದು ಗುರುಲಿಂಗವ್ವ ಬಾಯಿ ಮುಚ್ಚಿಸಿದಳು. ನೆರೆದ ಹೆಂಗಸರೆಲ್ಲ ಹೌದೆಂದು ತಲೆಯಾಡಿಸಿದರು. ಎದೆಯಲ್ಲಿ ಏನೂ ಇಲ್ಲ ಎನ್ನಬೇಕೆಂದರೆ ಇನ್ನೆಲ್ಲಿ ಇದೆ ಎಂದು ಹೇಳಬೇಕಾಗುತ್ತಿತ್ತು. ಸುನಂದಾ ಗಂಡನ ಮುಖ ನೋಡಿದಳು. ನಾಗಲಿಂಗ ಕೌದಿಯೊಳಗೆ ಇನ್ನಷ್ಟು ಇಳಿದ. ಅವಳು ತಲೆದಿಂಬನ್ನು ಕಂಕುಳಲ್ಲಿ ಇಟ್ಟುಕೊಂಡು, ಹೊಸ್ತಿಲು ದಾಟುವಾಗ ಒಮ್ಮೆ ತಿರುಗಿ ನೋಡಿ, ಗುರುಲಿಂಗವ್ವನ ಹಿಂದೆ ಹೋದಳು.

ಮಂದಿ ಕರಗಿದರು. ದೀಪ ಹಚ್ಚುವ ಹೊತ್ತಿಗೆ ಪಡಸಾಲೆಯಲ್ಲಿ ಉಳಿದವರು ಇಬ್ಬರೇ. ಸಂಗಯ್ಯ ಗಂಜಿಯ ಬಟ್ಟಲು ತಂದು ಚಮಚ ಎತ್ತಿದ. “ಬಾಯಿ ತಗಿ.”

ನಾಗಲಿಂಗನಿಗೆ ತಡೆಯಲಾಗಲಿಲ್ಲ. ಶ್ರಾವಣ ಇನ್ನೂ ಶುರುವೇ ಆಗಿರಲಿಲ್ಲ. ನಾಚಿಕೆ ಒಂದು ಕಡೆ, ಸುನಂದಾ ಇನ್ನೊಂದು ಕಡೆ. ಅವನು ಸುನಂದಾಳನ್ನೇ ಆರಿಸಿಕೊಂಡ. ಎದ್ದು ಕೂತು, ಕೌದಿ ಒದ್ದು, ಒಂದೇ ಉಸಿರಿಗೆ ಎಲ್ಲ ಹೇಳಿಬಿಟ್ಟ. ಎದೆ ಅಲ್ಲ ಎಂದು, ಏನು ಎಂದು, ಎಷ್ಟು ದಿನದಿಂದ ಎಂದು, ಡಾಕ್ಟರ್ ಏನು ಹೇಳಿದರು ಎಂದು. “ಈಗ ನಗೂದಿದ್ರ ನಗ್ರಿ ಕಾಕಾ. ಆದ್ರ ನನ್ನ ಹೆಂಡ್ತಿನ ನನಗ ವಾಪಸ ಕಳಿಸ್ರಿ.”

ಸಂಗಯ್ಯ ನಗಲಿಲ್ಲ. ಚಮಚವನ್ನು ಬಟ್ಟಲಲ್ಲಿ ಇಟ್ಟ. ಎದ್ದು ಹೋಗಿ ಬಾಗಿಲಿನ ಅಗಳಿ ಹಾಕಿ ಬಂದು, ಮೊಣಕಾಲು ತಿಕ್ಕುತ್ತ ಮತ್ತೆ ಕೂತ.

“ಅದಕ ಔಷಧ ಐತಿ ಅಂದ್ಲೇನು ಆ ಹುಡುಗಿ?”

“ಹೂಂನ್ರಿ.”

“ವಯಸ್ಸಾದಾವ್ರಿಗೂ?”

ನಾಗಲಿಂಗ ಅವನ ಮುಖ ನೋಡಿದ. ಇಡೀ ನಿಲ್ದಾಣವನ್ನು ನಡುಗಿಸುತ್ತಿದ್ದ ಮೀಸೆ ಇಳಿದುಹೋಗಿತ್ತು.

“ನಾ ರಿಟೈರ ಆದಾಗಿಂದ ನನಗೂ ಹಂಗಽ ಐತೋ” ಎಂದ ಸಂಗಯ್ಯ, ಗೋಡೆಗೆ ಹೇಳಿದಂತೆ. “ವಯಸ್ಸಾತು, ಇನ್ನ ಮುಗೀತು ಅಂತ ತಿಳಕೊಂಡು ಗಪ್ಪ ಕುಂತ್ನಿ. ಆಕಿಗೆ ಏನ ಹೇಳೂದು? ನೀ ಗೊರಕಿ ಹೊಡಿತಿ, ನನಗ ನಿದ್ದಿ ಹತ್ತವಲ್ದು ಅಂತ ಜಗಳಾ ತಗದು ಹೊರಗ ಕಟ್ಟಿಮ್ಯಾಲ ಮಲಗಾಕತ್ನಿ. ಓಣ್ಯಾಗೆಲ್ಲಾ ಆಕಿ ಗೊರಕಿ ಮಾತಾತು. ಆಕಿ ನಾಚಿಕೊಂಡು ಯಾರ ಮನಿಗೂ ರಾತ್ರಿ ವಸ್ತಿ ಹೋಗೂದಽ ಬಿಟ್ಲು.” ಅವನು ಮೂಗೊರೆಸಿಕೊಂಡ. “ಖರೆ ಹೇಳಬೇಕಂದ್ರ ಆಕಿ ಗೊರಕಿ ಹೊಡಿಯೂದಽ ಇಲ್ಲ ನಾಗಲಿಂಗಾ.”

ನಾಗಲಿಂಗ ಗಂಜಿಯ ಬಟ್ಟಲನ್ನು ಸಂಗಯ್ಯನ ಕಡೆ ಸರಿಸಿದ. ಸಂಗಯ್ಯ ಒಂದು ಚಮಚ ಬಾಯಿಗಿಟ್ಟು ಮುಖ ಕಿವುಚಿದ.

“ನಾಳೆ ಹೋಗಿ ಆ ಡಾಕ್ಟರನ್ನ ನೋಡ್ರಿ ಕಾಕಾ. ಭಾಳ ಚೊಲೊ ಅದಾರ.”

“ಏನಂತ ಹೇಳಿ ಹೋಗ್ಲಿ? ಆ ಸ್ಟ್ಯಾಂಡಿನ್ಯಾಗ ನನ್ನ ಗುರ್ತಿಲ್ಲದ ನಾಯಿ ಸೈತ ಇಲ್ಲ. ನಾ ದವಾಖಾನಿಗೆ ಹೊಂಟ್ರ ನಿಮ್ಮ ಚಿಗವ್ವ ಜೋಡಿ ಬರ್ತಾಳು.” ಸಂಗಯ್ಯ ಸರಕ್ಕನೆ ಹತ್ತಿರ ಸರಿದು ಅವನ ಎರಡೂ ಕೈ ಹಿಡಿದುಕೊಂಡ. “ನೀ ಎದಿ ರೋಗಿ ಆಗಿಯಽ ಇರಪಾ. ನಿನ್ನ ತೋರ್ಸಾಕ ಕರಕೊಂಡ ಹೊಂಟೀನಿ ಅಂದ್ರ ಯಾರೂ ಕೇಳೂದಿಲ್ಲ. ನನಗ ಗುಣಾ ಆಗೂಮಟಾ ಅಷ್ಟ.”

“ಕಾಕಾ, ಮತ್ತ ನನ್ನ ಸುನಂದಾ?”

“ನಿಂದು ತಿಂಗಳಿನ ಲೆಕ್ಕ. ನಂದು ಏಸೋ ವರ್ಷದ್ದೋ ಯಪ್ಪಾ” ಎಂದ ಸಂಗಯ್ಯ. ಅವನ ಕಣ್ಣು ತುಂಬಿತ್ತು.

ಆಗಲೇ ಪಕ್ಕದ ಮನೆಯಿಂದ, ಗೋಡೆಯ ಮೇಲಿಂದ ಗುರುಲಿಂಗವ್ವನ ದನಿ ಬಂತು. “ಏನ್ರಿ, ಹ್ಯಾಂಗದಾನ ನಾಗಲಿಂಗ?”

ಸಂಗಯ್ಯ ನಾಗಲಿಂಗನ ಮುಖವನ್ನೇ ನೋಡಿದ. ಬಸ್ಸುಗಳಿಗೆ ಅಪ್ಪಣೆ ಕೊಟ್ಟವನು, ಈಗ ಅಪ್ಪಣೆಗೆ ಕಾಯುತ್ತಿದ್ದ. ನಾಗಲಿಂಗ ನಿಟ್ಟುಸಿರು ಬಿಟ್ಟು ಮಲಗಿ ಕೌದಿ ಎಳೆದುಕೊಂಡ. ಅಷ್ಟೇ ಸಾಕಾಯಿತು.

“ಇನ್ನೂ ನೋಯಾಕತ್ತೈತಿ!” ಎಂದು ಸಂಗಯ್ಯ ಉತ್ಸಾಹದಿಂದ ಕೂಗಿದ. “ನಾಳೆ ಮತ್ತ ಬಾಗಲಕೋಟಿಗೆ ಕರಕೊಂಡ ಹೋಗಬೇಕು. ಮುಂದ ಹದಿನೈದ ದಿನಕ್ಕೊಮ್ಮೆ ಹೋಗಬೇಕಂತ!”

“ಅಯ್ಯ ಶಿವನಽ! ಹಂಗಾರ ಶ್ರಾವಣಕ್ಕ ಮುಗಿಯೂ ರೋಗ ಅಲ್ಲ ಇದು. ಸುನಂದಾ ದೀಪಾವಳಿ ಮಟಾ ಇಲ್ಲೇ ಇರ್ಲಿ ಬಿಡ್ರಿ. ಕೇಳ್ತೇನೋ ನಾಗಲಿಂಗಾ?”

“ಕೇಳ್ತು ಚಿಗವ್ವಾ” ಎಂದ ನಾಗಲಿಂಗ, ಕೌದಿಯೊಳಗಿಂದ. “ಆಗ್ಲಿ.”

ಗೋಡೆಯಾಚೆ ಸುನಂದಾ ತುಂಬಿದ ಕೊಡವನ್ನು ದಢಾರನೆ ನೆಲಕ್ಕೆ ಕುಕ್ಕಿದ ಸದ್ದು ಕೇಳಿತು.